ಒಲೆ ಹೊತ್ತದ ಮನೆಯ ಚದುರಂಗ

ಝಳಕಿಯಲ್ಲಿ ಕಂಬಳಿ ನೇಯುವ ಗುರಲಿಂಗಪ್ಪನಷ್ಟು ಪುರಸೊತ್ತಿಲ್ಲದ ಮನುಷ್ಯ ಇನ್ನೊಬ್ಬ ಇರಲಿಲ್ಲ. ಬೆಳಗಾದರೆ ಮನೆಯ ಮುಂದಿನ ಕಟ್ಟೆಗೆ ಬಂದು ಕುಳಿತುಬಿಡುತ್ತಿದ್ದ. ಹೊತ್ತು ಮುಳುಗುವ ತನಕ ಏಳಲು ಅವನಿಗೆ ಬಿಡುವು ಸಿಗುತ್ತಿರಲಿಲ್ಲ. ಎದುರಿಗೆ ಸಾಯಕಲ್ ರಿಪೇರಿಯ ನಬಿಸಾಬ. ಇಬ್ಬರ ನಡುವೆ ಚದುರಂಗದ ಹಾಸು.

ಈ ರೋಗ ಊರಿಗೆ ಬಂದದ್ದು ಡಾಂಬರಿನ ಜೊತೆಗೆ. ಎಪ್ಪತ್ಮೂರನೇ ಇಸವಿಯಲ್ಲಿ ರಸ್ತೆ ಮಾಡಿಸಲು ಬಂದ ಒಬ್ಬ ಓವರ್‌ಸಿಯರ್ ಆ ಕಟ್ಟೆಯ ಬೇವಿನ ನೆರಳಿನಲ್ಲಿ ನಾಲ್ಕು ತಿಂಗಳು ಕುಳಿತು, ಗುರಲಿಂಗಪ್ಪನಿಗೆ ಆಟ ಕಲಿಸಿ, ವರ್ಗವಾಗಿ ಹೋಗುವಾಗ ಕಾಯಿಗಳ ಡಬ್ಬಿಯನ್ನು ಇಲ್ಲೇ ಬಿಟ್ಟು ಹೋದ. ಡಾಂಬರು ಒಂದೇ ಮಳೆಗಾಲಕ್ಕೆ ಕಿತ್ತು ಹೋಯಿತು. ಆಟ ಮಾತ್ರ ಗಟ್ಟಿಯಾಗಿ ನಿಂತಿತು.

ಅವರು ಆಡುವ ರೀತಿ ಹೀಗೆ. ಒಬ್ಬ ಒಂದು ಕಾಯಿ ನಡೆಸುವುದು, ಆಮೇಲೆ ಅದರ ಮೇಲೆ ಒಂದು ತಾಸು ಜಗಳ, ಆಮೇಲೆ ಇನ್ನೊಬ್ಬ ತಲೆಗೆ ಕೈ ಕೊಟ್ಟು ಯೋಚನೆಗೆ ಕೂರುವುದು. ಒಮ್ಮೆ ನಬಿಸಾಬ ಆನೆಯನ್ನು ಎತ್ತಬೇಕೋ ಬೇಡವೋ ಎಂದು ಯೋಚಿಸುತ್ತ ಕುಳಿತಾಗ ಅವನ ಟೋಪಿಯಲ್ಲಿ ಗುಬ್ಬಿ ಗೂಡು ಕಟ್ಟಿ ಮರಿ ಮಾಡಿತು. ಸುಳ್ಳಲ್ಲ, ಮರಿಗಳನ್ನು ನಾನೇ ನೋಡಿದ್ದೇನೆ. ಗುರಲಿಂಗಪ್ಪನ ಮಗ್ಗದ ಮೇಲೆ ಒಬ್ಬ ಮದುಮಗನಿಗೆಂದು ಹೂಡಿದ ಕಂಬಳಿ ಅವನ ಕೂಸಿನ ತೊಟ್ಟಿಲಿಗೆ ಹಾಸಲು ಒದಗಿತು. ಮನೆಯ ಹದಿನಾರು ಕುರಿಗಳು ಯಜಮಾನನ ದಾರಿ ನೋಡಿ ಬೇಸತ್ತು, ತಾವೇ ಮೇಯಲು ಹೋಗಿ, ತಾವೇ ತಿರುಗಿ ಬಂದು, ಒಂದನ್ನೊಂದು ಎಣಿಸಿಕೊಂಡು ಹಟ್ಟಿ ಸೇರುತ್ತಿದ್ದವು.

ಹೆಂಡತಿ ಶೇವಂತೆವ್ವ ದಿನಕ್ಕೆ ಮೂರು ಹೊತ್ತು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಆ ಕಟಿಗಿ ಕುದುರಿ ಹೊತ್ತ ತಿನ್ನೂದ ಬಿಟ್ಟ ಮತ್ತೇನ್ ಮಾಡತೈತಿ?"

"ಬುದ್ಧಿ ಬೆಳಸತೈತಿ," ಎನ್ನುತ್ತಿದ್ದ ಗುರಲಿಂಗಪ್ಪ.

"ಬೆಳದದ್ದು ಎಲ್ಲಿ ಒಟ್ಟೀರಿ, ತೋರಸ್ರಿ. ಒಂದ ಬೊಗಸಿ ತಗದ ಖರ್ಚ್ ಮಾಡೂಣು."

"ನಿನಗ ತಿಳಿಯಂಗಿಲ್ಲ. ಸೋಲಾಪುರದಾಗ ಈ ಆಟ ನೋಡಾಕ ನೂರಾರು ಮಂದಿ ಬಂದ ಕೂಡತಾರ. ಒಂದ ಪಿಟಕ್ ಅನ್ನೂದಿಲ್ಲ. ಆಡಾವ್ರಿಗೆ ಮನಿಯಿಂದ ಊಟಾ ಕಟಗೊಂಡ ಬರತಾರ. ಓವರ್‌ಸಿಯರ್ ಸಾಹೇಬ್ರು ಹೇಳ್ಯಾರ."

ಓವರ್‌ಸಿಯರ್ ಹಾಗೆ ಹೇಳಿದ್ದನೋ, ಗುರಲಿಂಗಪ್ಪ ಬೆಳೆಸಿಕೊಂಡ ಬುದ್ಧಿ ಹಾಗೆ ಹೇಳಿತೋ, ಗೊತ್ತಿಲ್ಲ. ಆದರೆ ಒಂದಲ್ಲ ಒಂದು ದಿನ ಝಳಕಿಯ ಜನರಿಗೂ ಕಣ್ಣು ತೆರೆಯುತ್ತದೆ ಎಂದು ಅವನು ಕಾಯುತ್ತಿದ್ದ.

ಅದೇ ಹೊತ್ತಿಗೆ ಇನ್ನೊಬ್ಬರು ಅವನನ್ನು ಕಾಯುತ್ತಿದ್ದರು. ಅವನ ತಾಯಿ ಹುಚ್ಚವ್ವ.

ಯುಗಾದಿ ಮುಗಿದ ಮೇಲೆ ಮುದುಕಿ ಕಣ್ಣು ತೋರಿಸಲು ಇಂಡಿಗೆ, ಮಗಳು ಚಂದವ್ವನ ಮನೆಗೆ ಹೋಗಿದ್ದಳು. ಡಾಕ್ಟರು ಕಣ್ಣಿಗೆ ಬ್ಯಾಟರಿ ಹಿಡಿದು, ಬಹಳ ತಡವಾಯಿತು, ಇನ್ನು ಕಾಣುವುದಿಲ್ಲ ಎಂದು ಹೇಳಿ ಕಳುಹಿಸಿದ್ದರು. ಅದಾಗಿ ಮೂರು ತಿಂಗಳು. ಮಗ ಇದ್ದವಳು ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಉಣ್ಣುವುದು ಸೈ ಅಲ್ಲ. ಹಾಗೆಂದು ಮಗ ಬಂದು ಕರೆಯದೆ ತಾನಾಗಿ ಎದ್ದು ಬರುವುದು ಅದಕ್ಕಿಂತ ಕಡೆ. ಮುದುಕಿ ಐದು ಸಲ ಹೇಳಿ ಕಳುಹಿಸಿದಳು. ಐದು ಸಲವೂ ಗುರಲಿಂಗಪ್ಪ ಒಂದೇ ಮಾತು ಹೇಳಿದ: "ಈ ಆಟ ಒಂದ ಮುಗೀಲಿ. ನಾಳಿ ಮುಂಜಾನಿ ಬಸ್ಸಿಗೇ ಹೊಂಟೆ."

ಐದನೆಯ ಸಲ ಶೇವಂತೆವ್ವ ಕೊಡ ಇಳಿಸಿ ಕಟ್ಟೆಯ ಮುಂದೆ ನಿಂತಳು.

"ಕೇಳ್ರಿಲ್ಲೆ. ಅತ್ತಿ ಕಣ್ಣ ಹೋಗ್ಯಾವ. ಕತ್ತಲದಾಗ ಕುಂತ ಮಗನ ಕೈ ಹುಡುಕಾಕತ್ತಾಳ. ನೀವಿಲ್ಲೆ ಕಟಿಗಿ ಆನಿ ಮೇಸಾಕತ್ತೀರಿ."

"ನಿಮ್ಮಿಬ್ರಿಗೂ ಬರೇ ಜಗಳ. ಆಕಿ ಇಲ್ದಿದ್ರ ನಿನಗ ಚಲೋ ಅಲ್ಲೇನು?"

"ಜಗಳಾಡಾಕರ ಒಬ್ರು ಬೇಕಲ್ರಿ. ನಿಮ್ಮ ಕೂಡ ಏನ್ ಜಗಳಾಡ್ಲಿ? ಗ್ವಾಡಿ ಕೂಡ ಆಡಿದಂಗ ಆಗತೈತಿ." ಸೆರಗು ಬಿಗಿದುಕೊಂಡಳು. "ಅತ್ತಿನ್ನ ಕರಕೊಂಡ ಬರೂತನಾ ಈ ಮನ್ಯಾಗ ಒಲಿ ಹೊತ್ತೂದಿಲ್ಲ."

ಹೇಳಿದವಳೇ ಹಿಟ್ಟಿನ ಡಬ್ಬಿ ಎತ್ತಿಕೊಂಡು ಹಿತ್ತಲಾಚೆಯ ಚನ್ನವ್ವನ ಮನೆಗೆ ಹೋಗಿಬಿಟ್ಟಳು.

ಗುರಲಿಂಗಪ್ಪ ಹೆದರಲಿಲ್ಲ. ಆಟ ಬಹಳ ಸೂಕ್ಷ್ಮಕ್ಕೆ ಬಂದಿತ್ತು. ಇನ್ನೆರಡು ದಿನ ಹಸಿದಿದ್ದು ಗೆದ್ದುಕೊಂಡೇ ಇಂಡಿಗೆ ಹೋದರಾಯಿತು ಎಂದುಕೊಂಡ. ಬಿಸಿಲಿಗೆ ತಲೆಯ ಮೇಲೆ ಟವಲು ಹಾಕಿಕೊಂಡು ಹಣೆಗೆ ಕೈ ಕೊಟ್ಟು ಕುಳಿತ. ನಬಿಸಾಬನೂ ಹಣೆಗೆ ಕೈ ಕೊಟ್ಟ.

ನಮ್ಮ ಕಡೆ ಒಂದು ಮನೆಯಲ್ಲಿ ಒಲೆ ಹೊತ್ತದೇ ಇರುವುದಕ್ಕೆ ಒಂದೇ ಕಾರಣ. ಅಲ್ಲಿ ಯಾರೋ ತೀರಿಕೊಂಡಿರಬೇಕು. ಮಣ್ಣು ಆಗುವ ತನಕ ಆ ಮನೆಯವರು ಬೆಂಕಿ ಹಚ್ಚುವುದಿಲ್ಲ. ಬೀಗರು ಬಿಜ್ಜರೇ ಬುತ್ತಿ ಕಟ್ಟಿಕೊಂಡು ಬಂದು ಉಣಿಸಬೇಕು. ಹಾಗೆ ಬಂದವರು ಸತ್ತವರ ಹೆಸರನ್ನು ತಾವಾಗಿ ಎತ್ತಬಾರದು. ಸುಮ್ಮನೆ ತಲೆ ತಗ್ಗಿಸಿ ಕುಳಿತುಕೊಳ್ಳಬೇಕು.

ಬಸ್ ನಿಲ್ಲುವ ಜಾಗದಲ್ಲಿ ಚಹಾದ ಅಂಗಡಿ ಇಟ್ಟಿದ್ದ ಅಮೋಘಸಿದ್ಧ ಎರಡು ದಿನದಿಂದ ಗುರಲಿಂಗಪ್ಪನ ಮಾಳಿಗೆಯ ಬೆಳಕಿಂಡಿ ನೋಡಿದ. ಹೊಗೆ ಇಲ್ಲ. ಕಟ್ಟೆಗೆ ಬಂದು ಮೆಲ್ಲಗೆ ಕೇಳಿದ.

"ಗುರಲಿಂಗಾ, ಒಲಿ ಯಾಕ ಹೊತ್ತಿಲ್ಲೋ?"

ಗುರಲಿಂಗಪ್ಪ ಹಾಸಿನ ಮೇಲಿಂದ ಕಣ್ಣೆತ್ತಲಿಲ್ಲ. "ಎಲ್ಲಾ ನಮ್ಮವ್ವನ ಸಲುವಾಗಿ."

"ಆಕಿ ಈಗ ಎಲ್ಲಿ..."

"ಇಂಡ್ಯಾಗ. ತರೂದೈತಿ. ಇನ್ನೂ ತಂದಿಲ್ಲ."

ಅಮೋಘಸಿದ್ಧ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಮತ್ತೇನೂ ಕೇಳದೆ ಅಂಗಡಿಗೆ ಹೋದ. ಸಿಂದಗಿಯ ಬಸ್ಸು ಬಂದಾಗ ಕಂಡಕ್ಟರನ ಕಿವಿಯಲ್ಲಿ ಎರಡು ಮಾತು ಹಾಕಿದ. ಕಂಡಕ್ಟರ್ ಅದನ್ನು ಟಿಕೆಟ್ಟಿನ ಜೊತೆಗೆ ಹಂಚಿದ. ಸಂಜೆಗೆ ಸಿಂದಗಿ, ರಾತ್ರಿಗೆ ಬಿಜಾಪುರದ ಮೇಲೆ ಹಾಯ್ದು ಬಾಗೇವಾಡಿ, ಅಲ್ಲಿಂದ ಇಂಗಳೇಶ್ವರ, ಹೀಗೆ ಎಲ್ಲ ಕಡೆ ಮುದುಕಿ ತೀರಿಕೊಂಡಳು. ಇಂಡಿಯಲ್ಲಿ ಮಾತ್ರ ಯಾರೂ ಚಂದವ್ವನಿಗೆ ಹೇಳಲಿಲ್ಲ. ಯಾರ ಮನೆಯಲ್ಲಿ ಸತ್ತಿದ್ದಾಳೋ ಅವರಿಗೆ ಹೋಗಿ ಏನು ಹೇಳುವುದು.

ಮೂರನೆಯ ದಿನ ಮೊದಲು ಬಂದವನು ಶೇವಂತೆವ್ವನ ಅಣ್ಣ ಸಿದ್ದರಾಯ. ಇಂಗಳೇಶ್ವರದಿಂದ ಹನ್ನೆರಡು ಮಂದಿಯನ್ನು ಕಟ್ಟಿಕೊಂಡು, ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತುಕೊಂಡು ಬಂದಿದ್ದ. ಕಟ್ಟೆಯ ಕೆಳಗೆ ಎಲ್ಲರೂ ತಲೆ ತಗ್ಗಿಸಿ ಕುಳಿತರು. ಮುದುಕಿಯ ಹೆಸರು ಎತ್ತುವಂತಿಲ್ಲವಲ್ಲ. ಸಿದ್ದರಾಯ ಗಂಟಲು ಸರಿ ಮಾಡಿಕೊಂಡ.

"ಈ ಕಡೆ ಮಳಿ ಹೆಂಗೈತ್ರಿ, ಮಾವಾರ?"

"ಮಾತಾಡಬ್ಯಾಡ್ರಿ," ಅಂದ ಗುರಲಿಂಗಪ್ಪ. "ಸುಮ್ಕ ಕೂಡ್ರಿ."

ಸಿದ್ದರಾಯ ಹಿಂದೆ ತಿರುಗಿ ತನ್ನವರಿಗೆ ಹೇಳಿದ, "ಬಾಳ ಹಚಗೊಂಡಾನ."

ಮಧ್ಯಾಹ್ನದ ಹೊತ್ತಿಗೆ ಸಿಂದಗಿಯವರು ಬಂದರು. ಊರವರು ಸೇರಿದರು. ಬೇವಿನ ನೆರಳು ಸಾಲದೆ ಜನ ಬಿಸಿಲಿಗೆ ಕುಳಿತರು. ನೂರಿಪ್ಪತ್ತು ಮಂದಿ ಇದ್ದರು, ಬೇವಿನ ಮರ ಹತ್ತಿ ಕುಳಿತವರನ್ನು ಬಿಟ್ಟು. ಒಬ್ಬರೂ ಪಿಟಕ್ ಎನ್ನಲಿಲ್ಲ. ಎಲ್ಲರ ಪಕ್ಕದಲ್ಲಿಯೂ ಬುತ್ತಿಯ ಗಂಟು.

ಗುರಲಿಂಗಪ್ಪ ಟವಲಿನ ಸಂದಿಯಿಂದ ಮಂದಿಯನ್ನು ನೋಡಿದ. ಅವನ ಎದೆ ಉಬ್ಬಿತು.

"ನಬಿಸಾಬ, ನೋಡಿದೇನು? ಸೋಲಾಪುರದಾಗೂ ಇಷ್ಟ ಮಂದಿ ಬಂದಿರಲಿಕ್ಕಿಲ್ಲ."

ನಬಿಸಾಬನ ಮುಖ ಬಿಳಿಚಿತ್ತು. "ಇಷ್ಟ ಮಂದಿ ಮುಂದ ಸೋತ್ರ ನನ್ನ ಅಂಗಡಿಗಿ ಯಾರ ಬರತಾರೋ, ಗುರಲಿಂಗಾ. ಆನಿ ತಡವಿ ತಪ್ಪ ಮಾಡೇನಿ ಅನಸಾಕತ್ತೈತಿ."

ಸಿದ್ದರಾಯ ಗಂಟು ಬಿಚ್ಚಿ ರೊಟ್ಟಿ, ಜುಣಕ, ಶೇಂಗಾ ಹಿಂಡಿ ಎಲೆಗೆ ಬಡಿಸಿ ತಂಗಿಯ ಗಂಡನ ಮುಂದಿಟ್ಟ. "ಎದಿ ಗಟ್ಟಿ ಮಾಡ್ಕೊಂಡ ಒಂದ ತುತ್ತ ತಿನ್ರಿ."

ಗುರಲಿಂಗಪ್ಪ ಎದೆಯನ್ನು ಬಹಳ ಗಟ್ಟಿ ಮಾಡಿಕೊಂಡ. ಹನ್ನೊಂದು ರೊಟ್ಟಿ ತಿಂದ. ಹನ್ನೆರಡನೆಯದಕ್ಕೆ ಕೈ ಚಾಚಿದಾಗ ಸಿಂದಗಿಯ ಮುದುಕನೊಬ್ಬ ಕಣ್ಣೊರೆಸಿಕೊಂಡು, "ದುಃಖಾ ಹೊಟ್ಟಿಗಿ ಹಿಡದೈತಿ," ಅಂದ. ಉಳಿದವರು ಹೌದೆಂದು ತಲೆಯಾಡಿಸಿದರು.

ಆಗ ಬಂದವರು ತಲಾಟಿ ಬಸಂತರಾಯರು. ಜನನ ಮರಣದ ದಪ್ಪ ಪುಸ್ತಕ ಬಗಲಲ್ಲಿತ್ತು. ಸರಕಾರದ ಕೆಲಸಕ್ಕೆ ಅಳು ಮುಗಿಯುವ ತನಕ ಕಾಯಲು ಆಗುವುದಿಲ್ಲ ಎಂಬುದು ಅವರ ನಿಯಮ. ಪುಸ್ತಕ ಬಿಚ್ಚಿ, ಹೆಸರು ಹುಚ್ಚವ್ವ, ಕಾರಣ ವಯಸ್ಸು ಎಂದು ತಾವೇ ಬರೆದುಕೊಂಡು, ಶಾಯಿಯ ಡಬ್ಬಿ ಮುಂದೆ ಹಿಡಿದರು.

"ಗುರಲಿಂಗಪ್ಪ, ಇಲ್ಲೊಂದ ಹೆಬ್ಬೆಟ್ಟ ಒತ್ತು."

ಓವರ್‌ಸಿಯರ್ ಹೇಳಿದ್ದು ಖರೆ ಎಂದುಕೊಂಡ ಗುರಲಿಂಗಪ್ಪ. ದೊಡ್ಡ ಆಟಗಾರರ ಹತ್ತಿರ ಜನ ಪುಸ್ತಕ ತಂದು ಸಹಿ ಹಾಕಿಸಿಕೊಳ್ಳುತ್ತಾರಂತೆ. ಎಡಗೈ ಚಾಚಿ ಹೆಬ್ಬೆಟ್ಟು ಒತ್ತಿದ. ಕಣ್ಣು ಮಾತ್ರ ನಬಿಸಾಬನ ಆನೆಯ ಮೇಲಿತ್ತು. ಹೀಗೆ ಅವನ ಕೈಯಿಂದಲೇ ಅವನ ತಾಯಿ ಸರಕಾರದ ಲೆಕ್ಕದಲ್ಲಿ ತೀರಿಕೊಂಡಳು.

ಅಷ್ಟರಲ್ಲಿ ಸಿಂದಗಿಯ ಹೆಣ್ಣುಮಕ್ಕಳು ಹಾಡಿ ಹಾಡಿ ಅಳಲು ಸುರು ಮಾಡಿದರು. ಅದೇ ಗಳಿಗೆಯಲ್ಲಿ ಹಾಸಿನ ಮೇಲೆ ನಬಿಸಾಬನ ಒಂಟೆ ಸತ್ತಿತ್ತು. ಒಂದು ಒಂಟೆಗೆ ಇಷ್ಟು ಮರುಗುವ ಜನ ಇದ್ದಾರಲ್ಲ ಎಂದು ಗುರಲಿಂಗಪ್ಪನ ಕಣ್ಣೂ ತೇವವಾಯಿತು.

ಆದರೆ ಆ ಅಳು ಹಿತ್ತಲಾಚೆ ಚನ್ನವ್ವನ ಮನೆಗೂ ಕೇಳಿಸಿತು. ರೊಟ್ಟಿ ಬಡಿಯುತ್ತಿದ್ದ ಶೇವಂತೆವ್ವ ಹಿಟ್ಟಿನ ಕೈಯಲ್ಲೇ ಎದ್ದು ಓಡಿ ಬಂದಳು. ಮೂರು ದಿನ ಹಸಿದು ಗಂಡನೇ ಹೋದನೆಂದು ಅವಳು ಎದೆ ಬಡಿದುಕೊಂಡ ರೀತಿಗೆ ಸೀರೆಯೆಲ್ಲ ಹಿಟ್ಟಾಗಿತ್ತು. ನೋಡಿದರೆ ಗಂಡ ಕುಳಿತು ರೊಟ್ಟಿ ಅಗಿಯುತ್ತಿದ್ದಾನೆ. ಅವಳಿಗೆ ಸಮಾಧಾನವಾಗಿ, ಸಿಟ್ಟು ಬಂದು, ಬೈಯಲು ಬಾಯಿ ತೆಗೆಯುವಷ್ಟರಲ್ಲಿ ಸಿದ್ದರಾಯ ತಂಗಿಯ ತೋಳು ಹಿಡಿದ.

"ಅಳಬ್ಯಾಡವಾ. ನಿಮ್ಮತ್ತಿ ಹಣ್ಣಾಗಿದ್ಳು. ಹೋದ್ಳು."

ಶೇವಂತೆವ್ವ ಸುತ್ತ ನೋಡಿದಳು. ಬುತ್ತಿಯ ಗಂಟುಗಳು, ಅಳುವ ಹೆಣ್ಣುಮಕ್ಕಳು, ತಲಾಟಿಯ ಪುಸ್ತಕ. ನಂಬದೇ ಇರುವುದಕ್ಕೆ ಅವಳಿಗೆ ಒಂದೂ ಆಧಾರ ಉಳಿದಿರಲಿಲ್ಲ. ಕಟ್ಟೆಯ ಹತ್ತಿರ ಹೋಗಿ ಗಂಡನ ಮುಂದೆ ನಿಂತಳು. ಅವಳ ದನಿ ಸಣ್ಣದಾಗಿತ್ತು.

"ಕೇಳಿದ್ರೇನು. ಅತ್ತಿ ಹೋದ್ಳಂತ."

ಗುರಲಿಂಗಪ್ಪನ ಬೆರಳು ಕುದುರೆಯ ಮೇಲಿತ್ತು.

"ತಡಿ, ಒಂದ ಗಳಿಗಿ," ಅಂದ. ಕುದುರೆಯನ್ನು ಎರಡೂವರೆ ಮನೆ ನಡೆಸಿ ಇಟ್ಟ. "ಶಹ."

ನೂರಿಪ್ಪತ್ತು ಮಂದಿ ನೋಡಿದರು. ಅಳುತ್ತಿದ್ದ ಹೆಣ್ಣುಮಕ್ಕಳು ನಡುವೆಯೇ ನಿಲ್ಲಿಸಿದರು. ನಬಿಸಾಬನು ತನ್ನ ರಾಜನನ್ನು ನೋಡಲಿಲ್ಲ, ಗುರಲಿಂಗಪ್ಪನ ಮುಖ ನೋಡಿದ.

ಮಾತು ಗುರಲಿಂಗಪ್ಪನ ಕಿವಿಯಿಂದ ಒಳಗೆ ಇಳಿಯಲು ಅಷ್ಟು ಹೊತ್ತು ಹಿಡಿಯಿತು. "ಏನಂದಿ?" ಅಂದ. ಅವನು ಬುತ್ತಿಗಳನ್ನು ನೋಡಿದ. ತನ್ನ ಹೆಬ್ಬೆಟ್ಟಿಗೆ ಹತ್ತಿದ ಶಾಯಿ ನೋಡಿದ. ಮಂದಿ ಆಟ ನೋಡಲು ಬಂದಿರಲಿಲ್ಲ. ಕಟ್ಟೆಯ ಮೇಲಿಂದ ಇಳಿದು ನೆಲಕ್ಕೆ ಕುಳಿತ.

"ನಾಳಿ ಹೋಗಾಂವ ಇದ್ದೆ," ಅಂದ. "ಖರೇನ ನಾಳಿ ಹೋಗಾಂವ ಇದ್ದೆ."

ಸಂಜೆ ನಾಲ್ಕರ ಬಸ್ಸು ಇಂಡಿಯಿಂದ ಬಂದು ನಿಂತಿತು. ಹೆಣ ಬಂತೆಂದು ನಾಲ್ವರು ಗಂಡಸರು ಧೋತರ ಎತ್ತಿ ಕಟ್ಟಿಕೊಂಡು ಇಳಿಸಲು ಓಡಿದರು. ಚಂದವ್ವನ ಕೈ ಹಿಡಿದು ಹುಚ್ಚವ್ವ ತಾನೇ ಇಳಿದಳು. ಆ ನಾಲ್ವರಲ್ಲಿ ಒಬ್ಬ ಈಗಲೂ ಇಂಡಿಯ ಬಸ್ಸು ಹತ್ತುವುದಿಲ್ಲ.

ಆಗಿದ್ದು ಇಷ್ಟೇ. ಬೆಳಿಗ್ಗೆ ಯಾರೋ ಸಂಬಂಧಿಕರು ಚಂದವ್ವನ ಮನೆಗೆ ಬುತ್ತಿ ತಂದಿದ್ದರು. ಬಾಗಿಲಲ್ಲಿ ಕುಳಿತು ಕೈಯಾಡಿಸಿ ಬೇಳೆ ಆರಿಸುತ್ತಿದ್ದ ಮುದುಕಿಯನ್ನು ಕಂಡು ಬುತ್ತಿಯನ್ನು ಅಲ್ಲೇ ಹಾಕಿ ಓಡಿದ್ದರು. ಓಡುವಾಗ ಕೂಗಿದ ಮಾತಿನಿಂದ ವಿಷಯ ತಿಳಿದು ಮುದುಕಿ ಕೋಲು ಕೇಳಿದ್ದಳು. "ಮಗಾ ಬಂದ ಕರೀಲಿಲ್ಲಂದ್ರ ಇರ್ಲಿ. ನಾ ಸತ್ತ ಮನಿಗಿ ನಾನರ ಹೋಗಬೇಕಲ್ಲ," ಎಂದಿದ್ದಳು.

ಕಟ್ಟೆಯ ಹತ್ತಿರ ಬಂದಳು. ಜನ ಎರಡೂ ಕಡೆ ಸರಿದರು.

"ಅಳು ಯಾಕ ನಿಲ್ಲಿಸಿದ್ರಿ?" ಅಂದಳು. "ಯಾರ್‍ಯಾರು ಅಳಾಕತ್ತಿದ್ರಿ, ಹೇಳ್ರಿ. ನನಗ ಕಣ್ಣ ಕಾಣೂದಿಲ್ಲ."

"ನಾ ಸಿದ್ದರಾಯ ಅದೇನ್ರಿ, ಅತ್ತಿ."

"ಹೋದ ವರ್ಷ ನನ್ನ ಕೈಯಾಗಿನ ರೊಟ್ಟಿ ಬಿರುಸ ಅಂದಿದ್ದಿ. ನೀ ಯಾಕ ಅಳತಿ."

ಸಿದ್ದರಾಯ ಬುಟ್ಟಿಯ ಹಿಂದೆ ಸರಿದ. ಮುದುಕಿ ಒಬ್ಬೊಬ್ಬರನ್ನೇ ದನಿಯಿಂದ ಗುರುತಿಸಿ, ಯಾರದು ಸಾಚಾ ಅಳು, ಯಾರದು ಊಟದ ಅಳು ಎಂದು ವಿಂಗಡಿಸಿದಳು. ಜನ ನಗಲು ಸುರು ಮಾಡಿದ್ದರು. ಆಮೇಲೆ ಅವಳು ಕೇಳಿದಳು.

"ನನ್ನ ಮಗಾ ಹೆಂಗ ಅತ್ತಾ?"

ನಗು ನಿಂತಿತು. ಶೇವಂತೆವ್ವ ಬಂದು ಅವಳ ತೋಳು ಹಿಡಿದಳು. "ಬಾಳ ಅತ್ರು. ಒಳಗ ನಡೀರಿ."

"ನೀ ಸುಳ್ಳ ಹೇಳಿದ್ರ ನನಗ ಗೊತ್ತಾಗತೈತಿ. ಇಪ್ಪತ್ತ ವರ್ಷ ಜಗಳಾಡೇನಿ ನಿನ್ನ ಕೂಡ."

ಅಮೋಘಸಿದ್ಧನ ಬಾಯಿಗೆ ಬಾಗಿಲು ಇರಲಿಲ್ಲ. "ಸುದ್ದಿ ಕೇಳಿ ಕುದುರಿ ನಡಸಿದಾ, ಆಯಿ," ಅಂದ.

ಮುದುಕಿ ಕೋಲಿನ ಮೇಲೆ ಗದ್ದ ಊರಿದಳು.

"ಗೆದ್ನೇನು?"

"ಇಲ್ಲ. ಆಟ ಇನ್ನೂ ಮುಗದಿಲ್ಲ."

"ಹ್ಞಾಂ," ಅಂದಳು. ಒಳಗೆ ಹೋಗಿ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

ಬಸಂತರಾಯರಿಗೆ ಬೇರೆ ಚಿಂತೆ ಹತ್ತಿತ್ತು. ಪುಸ್ತಕದಲ್ಲಿ ಜನಿಸುವುದಕ್ಕೆ ಒಂದು ಭಾಗ ಇದೆ, ಸಾಯುವುದಕ್ಕೆ ಒಂದು ಭಾಗ ಇದೆ, ತಿರುಗಿ ಬರುವುದಕ್ಕೆ ಭಾಗ ಇಲ್ಲ. ಕಿಟಕಿಯಲ್ಲಿ ನಿಂತು ಕೇಳಿದರು, "ಆಯಿ, ಬರದದ್ದ ಹೊಡದ ಹಾಕಬೇಕಂದ್ರ ತಹಶೀಲ್ದಾರ್ರಿಗೆ ಅರ್ಜಿ ಕೊಡಬೇಕು. ಏನ್ ಮಾಡ್ಲಿ?"

"ಇರ್ಲಿ ಬಿಡ್ರಿ," ಅಂದಳು ಮುದುಕಿ ಗೋಡೆಗೆ. "ಮಗಾ ಹೆಬ್ಬೆಟ್ಟ ಒತ್ಯಾನಲ್ಲ. ಆಂವ್ಗ ಖೊಟ್ಟಿ ಮಾಡಬ್ಯಾಡ್ರಿ."

ಅಂದಿನಿಂದ ಗುರಲಿಂಗಪ್ಪ ಆಟ ಬಿಟ್ಟ. ಡಬ್ಬಿಯನ್ನು ಹೊಟ್ಟಿನ ಕೋಣೆಯಲ್ಲಿ ಹೂತ. ಮಗ್ಗ ಗಡಗಡ ಅಂದಿತು. ಒಲೆ ಹೊತ್ತಿತು. ಕುರಿಗಳು ಯಜಮಾನ ಹಿಂದೆ ಬರುವುದನ್ನು ನೋಡಿ ಕಳ್ಳನೆಂದು ಬೆದರಿ ಓಡಿದವು. ಮಗ್ಗದಿಂದ ಎದ್ದರೆ ತಾಯಿಯ ಹೊರಸಿನ ಪಕ್ಕ ಬಂದು ಕುಳಿತುಕೊಳ್ಳುತ್ತಿದ್ದ. ಮಾತಾಡಲು ಮುಖವಿರಲಿಲ್ಲ. ಸುಮ್ಮನೆ ಕುಳಿತಿರುತ್ತಿದ್ದ.

"ಗುರಲಿಂಗಾ, ಅದಿಯೇನು?"

"ಅದೇನಿ, ಅವ್ವಾ."

ಇಡೀ ದಿನದಲ್ಲಿ ತಾಯಿ ಮಗನ ಮಾತು ಇಷ್ಟೇ. ಹೀಗೆ ಒಂದು ತಿಂಗಳು ನಡೆಯಿತು. ನಬಿಸಾಬ ದಿನಾ ಬಂದು ಬಾಗಿಲಲ್ಲಿ ನಿಂತು, ಖಾಲಿ ಕಟ್ಟೆ ನೋಡಿ, ಯಾರದೋ ಸಾಯಕಲ್ಲಿನ ಗಂಟೆ ಬಾರಿಸಿ ಹೋಗುತ್ತಿದ್ದ. ಒಂದು ದಿನ ಮುದುಕಿ ಎದ್ದು ಕುಳಿತಳು.

"ನಬಿಸಾಬನ್ನ ಕರಿ. ಆ ಡಬ್ಬಿ ತಗೊಂಡ ಬಾ. ಇಲ್ಲೆ ಹೊರಸಿನ ಕಾಲಾಗ ಹಾಸು."

"ಬ್ಯಾಡವಾ. ಬಿಟ್ಟೇನಿ."

"ನೀ ಬಾಜೂಕ ಕುಂತೀ ಖರೆ. ಕಾಣೂದಿಲ್ಲ ನನಗ. ಮಾತೂ ಆಡೂದಿಲ್ಲ. ನೀ ಇದ್ದೀಯೋ ಎದ್ದ ಹ್ವಾದ್ಯೋ ಹೆಂಗ ತಿಳೀಬೇಕು? ಆಟದಾಗರ ಒದರ್‍ಯಾಡತಿದ್ದಿ."

ಆಟ ಮತ್ತೆ ಸುರುವಾಯಿತು, ಈ ಸಲ ಮನೆಯೊಳಗೆ. ಒಂದು ನಡೆ, ಒಂದು ತಾಸು ಜಗಳ. ಸತ್ತ ಕಾಯಿಯನ್ನು ತಗಡಿನ ಡಬ್ಬಿಗೆ ಹಾಕಿದಾಗ ಠಣ್ ಎಂದು ಸಪ್ಪಳವಾಗುತ್ತಿತ್ತು. ಮುದುಕಿ ಕೂಡಲೇ ಕೇಳುತ್ತಿದ್ದಳು.

"ಯಾರ ಹೋದ್ರು?"

"ಪ್ಯಾದೆ, ಅವ್ವಾ."

"ಪಾಪ, ಸಣ್ಣಾಂವ. ಹ್ಞಾಂ, ನಡೀಲಿ."

ಎಂಟು ದಿನದಲ್ಲಿ ಮುದುಕಿಗೆ ಸತ್ತವರೆಲ್ಲರ ಲೆಕ್ಕ ಬಾಯಿಪಾಠವಾಯಿತು. ನಬಿಸಾಬ ತನ್ನ ಎರಡೂ ಆನೆ ಇವೆ ಎಂದು ಜಗಳ ತೆಗೆದರೆ, "ಒಂದ ಆನಿ ಸೋಮಾರ ಹೋತಲ್ಲೋ, ನಾ ಕೇಳೇನಿ," ಎನ್ನುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದ ಶೇವಂತೆವ್ವ ತಡೆಯಲಾರದೆ ಒಲೆಯ ಮುಂದಿನಿಂದ ಒಮ್ಮೆ ಕೂಗಿದಳು.

"ಅತ್ತಿ, ನೀವರ ಹೇಳ್ರಿ. ಈ ಆಟಾ ಹೊತ್ತಿನ ಹಾಳ ಹೌದೋ ಅಲ್ಲೋ?"

"ಹಾಳ ಹೌದು," ಅಂದಳು ಮುದುಕಿ. "ಆದ್ರ ಈಗ ಹಾಳಾಗೂ ಹೊತ್ತಿನ್ಯಾಗ ನಾನೂ ಅದೇನಲ್ಲ."

ಮಹಾನವಮಿಯ ಹಿಂದಿನ ದಿನ ಮಧ್ಯಾಹ್ನ ನಬಿಸಾಬ ಒಂದೂವರೆ ದಿನ ಯೋಚಿಸಿ ಆನೆ ನಡೆಸಿದ. ಗುರಲಿಂಗಪ್ಪನ ವಜೀರ ಬಿದ್ದ. ನಬಿಸಾಬ ಅದನ್ನೆತ್ತಿ ಡಬ್ಬಿಗೆ ಹಾಕಿದ. ಠಣ್ ಎಂದಿತು.

ಯಾರೂ ಕೇಳಲಿಲ್ಲ.

ನಬಿಸಾಬ ಸ್ವಲ್ಪ ತಡೆದು, ಕಾಯಿಯನ್ನು ಡಬ್ಬಿಯಿಂದ ಹೊರತೆಗೆದು, ಕೈ ಎತ್ತರ ಮಾಡಿ ಮತ್ತೊಮ್ಮೆ ಹಾಕಿದ. ಸಪ್ಪಳಕ್ಕೆ ಒಲೆಯ ಮುಂದಿದ್ದ ಶೇವಂತೆವ್ವ ತಿರುಗಿ ನೋಡಿದಳು. ಆಟಗಾರರಿಬ್ಬರೂ ಹೊರಸಿನ ಕಡೆ ನೋಡಲಿಲ್ಲ. ಹಾಸನ್ನೇ ನೋಡುತ್ತ ಕುಳಿತರು. ಮುಂದಿನ ನಡೆ ಗುರಲಿಂಗಪ್ಪನದು.

ಅವನು ಬಹಳ ಹೊತ್ತು ಕಾದ. ಆಮೇಲೆ ಕೇಳದಿದ್ದರೂ ತಾನೇ ಹೇಳಿದ.

"ವಜೀರ ಹೋದಾ, ಅವ್ವಾ."